ಉಬ್ಬಸ ಬಂದರೆ ಪಾಸು

ಆಸ್ಪತ್ರೆಯಲ್ಲಿ ಮಕ್ಕಳ ಉಸಿರಾಟ ಪರೀಕ್ಷಿಸುವ ನನ್ನ ಕೆಲಸದಲ್ಲಿ ಯಂತ್ರ ಕೈಕೊಟ್ಟದ್ದು ಕಡಿಮೆ. ಕೈಕೊಡುವವರೆಲ್ಲ ಮನೆಯ ಹಿರಿಯರೇ. ನಮ್ಮ ಬಸವನಗುಡಿಯಲ್ಲಿ ಮಗು ಕೊಳವೆ ಊದಿದರೂ "ಮಾರ್ಕ್ಸ್ ಎಷ್ಟು ಬಂತು?" ಅಂತಲೇ ಕೇಳುತ್ತಾರೆ. ಅದರಲ್ಲೂ ಆ ತಾತ, ನಿವೃತ್ತ ಗಣಿತದ ಮೇಷ್ಟ್ರು, ನನ್ನ ಪ್ರಾಣ ಹಿಂಡಿಬಿಟ್ಟರು.

ಅವರ ಮೊಮ್ಮಗಳಿಗೆ ಖೋ ಖೋ ಹುಚ್ಚು. ಓಡಿದರೆ ಕೆಮ್ಮು. ಉಬ್ಬಸ ಹೌದೋ ಅಲ್ಲವೋ ತಿಳಿಯುವವರೆಗೆ ಆಟ ಬಂದ್ ಅಂತ ಮನೆಯಲ್ಲಿ ತೀರ್ಮಾನ. ಅವಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಶ್ವಾಸನಾಳ ಬಿಗಿಯುತ್ತದೆಯೇ ನೋಡುವುದು ನನ್ನ ಕೆಲಸ. ಬಿಗಿದರೆ ಕಾಯಿಲೆ ಸಿಕ್ಕಿತು, ಔಷಧ ಶುರು, ಆಟವೂ ಶುರು.

ಗ್ರೇಸ್ ಮಾರ್ಕ್ಸ್

"ಕೆಮ್ಮಿಗೆ ಅಂತ ಕೊಟ್ಟಿರೋ ಇನ್ಹೇಲರ್ ಪಫ್ ಆ ಬೆಳಿಗ್ಗೆ ಕೊಡಲೇಬೇಡಿ, ಕೊಟ್ರೆ ಕಾಯಿಲೆ ಅಡಗಿಬಿಡುತ್ತೆ" ಎಂದು ಬಾಯಿ ಒಣಗುವಷ್ಟು ಹೇಳಿ ಕಳಿಸಿದ್ದೆ. ಆ ದಿನ ದೊಡ್ಡ ಗಣಪತಿಗೆ ಕೈಮುಗಿಸಿಯೇ ಕರೆತಂದರು. ಹುಡುಗಿ ಊದಿದಳು, ಓಡಿದಳು, ಮತ್ತೆ ಊದಿದಳು. ಕೆಮ್ಮೂ ಇಲ್ಲ, ಏನೂ ಇಲ್ಲ. ನನಗೆ ಅನುಮಾನ ಬಂತು.

"ಪಫ್ ಕೊಟ್ರಾ ಸಾರ್?"

"ಕೊಡದೆ? ತಯಾರಿ ಇಲ್ದೆ ಮಗೂನ ಪರೀಕ್ಷೆಗೆ ಕೂರಿಸ್ತಾರೇನಮ್ಮ?"

ಮೈಯೆಲ್ಲ ಉರಿದುಹೋಯಿತು. "ಇದು ಕಾಪಿ ಹೊಡೆದ ಹಾಗೆ ಸಾರ್!"

"ನನ್ನ ಸರ್ವೀಸಲ್ಲಿ ಒಬ್ಬರಿಗೂ ಕಾಪಿ ಹೊಡಿಯೋಕೆ ಬಿಟ್ಟವನಲ್ಲ ನಾನು," ಎಂದು ನನಗೇ ರೇಗಿದರು. "ಇದು ಗ್ರೇಸ್ ಮಾರ್ಕ್ಸ್!"

ಕೆಂಪು ಗುಂಡಿ

ಎರಡನೇ ಸಲ ಪಫ್ ಕೊಟ್ಟಿರಲಿಲ್ಲ. ಹುಡುಗಿ ಚೆನ್ನಾಗಿಯೇ ಓಡುತ್ತಿದ್ದಳು. ಏದುಸಿರು ಶುರುವಾಯಿತೋ ಇಲ್ಲವೋ, ತಾತ ನುಗ್ಗಿ ಬಂದು ಕೆಂಪು ಗುಂಡಿ ಒತ್ತಿಯೇಬಿಟ್ಟರು. ಯಂತ್ರ ನಿಂತಿತು.

"ತಾತಾ! ಶನಿವಾರ ಟೀಮ್ ಸೆಲೆಕ್ಷನ್ನು!" ಹುಡುಗಿ ಅಳುವುದಕ್ಕೇ ಶುರುಮಾಡಿದಳು.

"ಆ ಗುಂಡಿ ಇರೋದು ಅಪಾಯ ಆದ್ರೆ ಒತ್ತೋಕೆ ಸಾರ್!" ಎಂದು ಕೂಗಿದೆ.

ಅವರು ಗುಂಡಿಯ ಮೇಲಿನ ಕೈ ತೆಗೆಯಲೇ ಇಲ್ಲ. "ಅಪಾಯ ಅಂತಾನೇ ಒತ್ತಿದ್ದು. ನಿಮ್ಮಿಂದ."

ರಿಸಲ್ಟ್

ಮೂರನೇ ಸಲ ತಾತನನ್ನು ಒಳಗೇ ಬಿಡಲಿಲ್ಲ. ಬೇಕಾದರೆ ಶಪಿಸಲಿ ಎಂದು ಬಾಗಿಲು ಹಾಕಿಕೊಂಡೆ. ಹುಡುಗಿ ಓಡಿ ಇಳಿದು ಊದಿದಳು. ಪರದೆಯ ಮೇಲಿನ ಗೆರೆ ಇಳಿಯಿತು. ಎದೆಯಲ್ಲಿ ಸುಂಯ್ ಸುಂಯ್. ಅಷ್ಟು ಕೆಮ್ಮಿನಲ್ಲೂ ಅವಳಿಗೆ ನಗು.

"ಬಂತಾ ಆಂಟಿ? ಬಂತಾ?"

ಪಕ್ಕದಲ್ಲೇ ಇದ್ದ ಡಾಕ್ಟರ್ ಮೇಡಂ ಪಫ್ ಕೊಟ್ಟು, ಉಸಿರು ಸರಿಯಾದ ಮೇಲೆ ಹೇಳಿದರು: "ಉಬ್ಬಸಾನೇ. ದಿನಾ ಔಷಧಿ ತಗೋ. ಖೋ ಖೋ ಆಡು, ಹೋಗು."

ಹುಡುಗಿ ಬಾಗಿಲು ತಳ್ಳಿಕೊಂಡು ಹೊರಗೆ ಹಾರಿದಳು. "ತಾತಾ, ಫೇಲಾದೆ! ಆಡಬೌದಂತೆ!"

ಬೆಂಚಿನ ಮೇಲಿದ್ದ ಅಪ್ಪ ಅಮ್ಮಂದಿರೆಲ್ಲ ಬೆಚ್ಚಿ ನೋಡಿದರು. ಅವಳ ಕುಣಿತ ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ತಾತನ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೊಮ್ಮಗಳ ತಲೆ ಸವರಿದರು. ಪಾಪ ಅನ್ನಿಸಿತು.

ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಅವಳಿಗೆ ಕೇಳಿಸದಂತೆ ಪಿಸುಗುಟ್ಟಿದರು:

"ಎಲ್ಲಾ ಸರಿ ತಾಯಿ. ರೀವ್ಯಾಲ್ಯುಯೇಶನ್‌ಗೆ ಹಾಕೋಕೆ ಕೊನೇ ದಿನ ಯಾವತ್ತು?"