ದೇವದಾನಪ್ಪನ ಚಳಿ

ಎಲ್ಲಾ ರಗಳೆ ಸುರುವಾದದ್ದು ಕೌದಿಯಿಂದ.

ಮೇ ತಿಂಗಳಲ್ಲಿ ರಾಯಚೂರಿನ ಕಾಗೆಗಳು ಸಹ ನೆರಳಿಗೆ ಪಾಳಿ ಹಚ್ಚುತ್ತವೆ. ಅಂಥದರಲ್ಲಿ, ಎಂಬತ್ತನಾಲ್ಕನೇ ಇಸವಿಯ ಒಂದು ಬೆಳಗ್ಗೆ, ಹತ್ತಿ ಮಿಲ್ಲಿನಲ್ಲಿ ತೂಕ ಮಾಡುವ ದೇವದಾನಪ್ಪ ಓಣಿಯ ಮನೆಮನೆ ತಿರುಗಿ ಹೊದೆಯುವ ಕೌದಿ ಕೇಳಿದ.

"ಎಷ್ಟು ಬೇಕೋ ಯಪ್ಪಾ?" ಅಂದಳು ಎದುರುಮನೆಯ ಹಂಪಮ್ಮ.

"ಎಷ್ಟು ಅದಾವ ಅಷ್ಟೂ ಕೊಡು ಯವ್ವಾ. ದಪ್ಪನ್ನವು ಇದ್ರ ಇನ್ನೂ ಚೊಲೋ."

ಅವನ ಮುಖದ ಮೇಲೆ ಬೆವರು ಹರಿಯುತ್ತಿತ್ತು. ಹಂಪಮ್ಮ ಬೆವರನ್ನೂ ಕೌದಿಯನ್ನೂ ಕೂಡಿಸಿ ನೋಡಿದಳು, ಚಳಿಜ್ವರ ಬಂತು. ಆಕೆಗೆ ಕೂಡಿಸುವ ಲೆಕ್ಕ ಮಾತ್ರ ಬರುತ್ತಿತ್ತು, ಕಳೆಯುವುದು ಗೊತ್ತಿರಲಿಲ್ಲ.

ಸಂಗತಿ ಇಷ್ಟೇ. ದೇವದಾನಪ್ಪ ಚರ್ಚಿನಲ್ಲಿ ಮೊದಲನೇ ನಂಬರಿನ ಹಾಡುಗಾರ. ಆದರೆ ಚರ್ಚಿನ ಗೋಡೆ ದಾಟಿದರೆ ಅವನ ದನಿ ಯಾರಿಗೂ ಗೊತ್ತಿಲ್ಲ. ದೇವದುರ್ಗದಿಂದ ಮಾನ್ವಿವರೆಗೆ ಮನೆಮನೆಯಲ್ಲೂ ತನ್ನ ದನಿ ಕೇಳಬೇಕೆಂಬುದು ಅವನ ಜೀವದ ಆಸೆ. ಅದಕ್ಕೆಂದೇ ಕ್ರಿಸ್‌ಮಸ್ ಹಾಡುಗಳ ಕ್ಯಾಸೆಟ್ ಮಾಡಲು ಹೊರಟಿದ್ದ. ಕ್ಯಾಸೆಟ್ ಅಂಗಡಿಯ ಜಿಲಾನಿ ಪಾಷಾ ಹೈದರಾಬಾದಿನಿಂದ ರೆಕಾರ್ಡಿಂಗ್ ಮಿಶಿನ್ ತರಿಸಿದ್ದ, ಒಂದೇ ದಿನದ ಮಟ್ಟಿಗೆ.

"ಡಿಸೆಂಬರಿಗೆ ಮಾಲು ಅಂಗಡಿಗೆ ಬರಬೇಕಂದ್ರ ಈಗ ಹಾಡಬೇಕ್ರಿ ದೇವಣ್ಣಾ," ಅಂದಿದ್ದ ಪಾಷಾ. "ಸಂಜಿ ಬಸ್ಸಿಗೆ ಮಿಶಿನ್ ವಾಪಸ್. ಹೊರಗಿನ ಆವಾಜ್ ಒಳಗ ಬರಬಾರದು. ಗ್ವಾಡಿಗೆ, ಬಾಗಲಿಗೆ, ಕಿಟಕಿಗೆ ಕೌದಿ ಬಡೀರಿ."

ದೇವದಾನಪ್ಪನ ಮನೆಯ ಕೋಣೆಗೆ ಕೌದಿ ಬಡಿದದ್ದಾಯಿತು. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿದ್ದುದರಿಂದ ಅದನ್ನೂ ಬಂದ್ ಮಾಡಿದರು. ಕೋಣೆ ಮಂಡಾಳು ಹುರಿಯುವ ಭಟ್ಟಿಯಾಯಿತು. ದೇವದಾನಪ್ಪ ಕಣ್ಣು ಮುಚ್ಚಿ, ತಾನೇ ಕಟ್ಟಿದ ಹಾಡು ಎತ್ತಿದ:

"ಚಳಿ ಬಂತು ಚಳಿ ಬಂತು, ಮೈ ನಡುಗೋ ಚಳಿ ಬಂತು,
ಮನೆಮನೆಗೆ ದೂತ ಬಂದ, ಬಾಗಿಲ ತೆರೆಯಿರಣ್ಣಾ..."

ಹೊರಗೆ ಹಂಪಮ್ಮ, ಪಕ್ಕದ ಮನೆಯ ಕುಬ್ರಾ ಬೇಗಂ ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿದ್ದರು.

"ತಾನ ಹೇಳಾಕತ್ತಾನಲ್ಲ ಬೇ, ಚಳಿ ಬಂತು ಅಂತ," ಅಂದಳು ಹಂಪಮ್ಮ.

"ದೂತ ಬಂದ ಅಂತಾನ. ಯಾವ ದೂತ?"

"ಮತ್ತ್ಯಾವನು, ಯಮದೂತ ಇರಬೇಕು."

"ಯಾ ಅಲ್ಲಾ. ಜ್ವರ ತೆಲಿಗೇರ್ಯಾದ ಹಂಗಾರ."

ಇಬ್ಬರೂ ಬಾಗಿಲು ಬಡಿದರು. ಹಾಡು ಅರ್ಧಕ್ಕೇ ಕೆಟ್ಟಿತು. ಹಂಪಮ್ಮ ಮೆಣಸಿನ ಕಷಾಯ ಕುಡಿಸಿ ಹೋದಳು. ಎರಡನೇ ಸಲ ಹಾಡುವಾಗ ಕುಬ್ರಾ ಬೇಗಂ ಬಂದು ತೋಳಿಗೆ ದರ್ಗಾದ ತಾಯಿತ ಕಟ್ಟಿದಳು. ಮೂರನೇ ಸಲ ಇಬ್ಬರೂ ಕೂಡಿ ಮಲೇರಿಯಾ ಆಫೀಸಿನ ತಾಯಪ್ಪನನ್ನೇ ಕರೆತಂದರು. ಊರೂರು ತಿರುಗಿ ಜ್ವರದವರ ಬೆರಳು ಚುಚ್ಚಿ ರಕ್ತ ತೆಗೆಯುವುದು ಅವನ ನೌಕರಿ.

"ನನಗೇನಾಗಿಲ್ರಿ. ಹಾಡಾಕತ್ತೀನಿ," ಅಂದ ದೇವದಾನಪ್ಪ.

"ಹೌದಪಾ ಹೌದು, ಹಾಡಾಕತ್ತಿ," ಅಂದಳು ಹಂಪಮ್ಮ ಸಮಾಧಾನದಿಂದ. "ಜ್ವರದಾಗ ನಮ್ಮ ಮಾವ ಇಂಗ್ಲಿಷ್ ಮಾತಾಡಿದ್ದ."

ಪಾಷಾ ನಡುವೆ ಬಾಯಿ ಹಾಕಿದ. "ಮಿಶಿನ್ ನೋಡ್ರಿ ಸಾಬ್, ರೆಕಾರ್ಡಿಂಗ್ ನಡದಾದ."

"ನೀವೂ ಭಾಳ ಬೆವತೀರಿ," ಅಂದ ತಾಯಪ್ಪ. "ನಿಮ್ಮ ಬೆರಳೂ ಕೊಡ್ರಿ."

ಇಬ್ಬರ ಬೆರಳೂ ಚುಚ್ಚಿಸಿಕೊಂಡವು. ಇಬ್ಬರ ಬಾಯಿಗೂ ಕಹಿ ಗುಳಿಗೆ ಬಿತ್ತು. ಬಸ್ಸಿಗೆ ಎರಡೇ ತಾಸು ಉಳಿದಿತ್ತು. ದೇವದಾನಪ್ಪ ಕೈಮುಗಿದ.

"ಒಂದ ಸಲ ಪೂರಾ ಕೇಳ್ರಿ. ಆಮ್ಯಾಲ ಬೇಕಾದ್ರ ಹತ್ತೂ ಬೆರಳು ಚುಚ್ರಿ."

ಎಲ್ಲರೂ ಕೂತರು. ಅವನು ಹಾಡಿದ. ಎಂಥಾ ಹಾಡೆಂದರೆ, ಆ ಭಟ್ಟಿಯಲ್ಲಿ ಕೂತು ಹಂಪಮ್ಮ ಸೆರಗು ಮೈತುಂಬ ಹೊದ್ದಳು. ಪಾಷಾನ ತೋಳಿನ ಕೂದಲು ನಿಮಿರಿದವು. ಕುಬ್ರಾ ಬೇಗಂಳ ಹಲ್ಲು ಕಟಕಟ ಅಂದದ್ದು ಸಣ್ಣಗೆ ಟೇಪಿನಲ್ಲಿಯೂ ಬಿದ್ದಿತು, ತಾಳಕ್ಕೆ ಸರಿಯಾಗಿಯೇ ಇತ್ತು. ಉಳಿದ ಹಾಡುಗಳೂ ಒಂದೇ ಉಸಿರಿನಲ್ಲಿ ಮುಗಿದವು.

ತಾಯಪ್ಪ ಕಣ್ಣೊರೆಸಿಕೊಂಡ. "ಎಂಥಾ ಹಾಡ್ರಿ. ಆ ಮೊದಲನೇ ಹಾಡು ನಮ್ಮ ಆಫೀಸಿನ ಸಾಹೇಬ್ರು ಕೇಳಬೇಕು. ಒಂದು ಕಾಪಿ ಕೊಡ್ತೀರೇನ್ರಿ?"

ಸರಕಾರಿ ಮನುಷ್ಯ ತಾನಾಗಿ ಕೇಳಿದ್ದು ದೇವದಾನಪ್ಪನಿಗೆ ಅದೇ ಮೊದಲು. "ಧಾರಾಳ ಒಯ್ಯಿರಿ," ಅಂದ. "ನಾಕು ಮಂದಿಗೆ ಕೇಳಸ್ರಿ."

ಡಿಸೆಂಬರಿನಲ್ಲಿ ಕ್ಯಾಸೆಟ್ ಅಂಗಡಿಗೆ ಬಂತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ದೇವದಾನಪ್ಪ ಇಸ್ತ್ರಿ ಅಂಗಿ ತೊಟ್ಟು, ಹಾಡಿನ ಗುಂಪು ಕಟ್ಟಿಕೊಂಡು ಮಾನ್ವಿ ಕಡೆಯ ಕುರ್ಡಿ ಎಂಬ ಹಳ್ಳಿಗೆ ಹೋದ. ಮೊದಲನೇ ಮನೆಯ ಮುಂದೆ ನಿಂತು ದನಿ ಎತ್ತಿದ: "ಚಳಿ ಬಂತು ಚಳಿ ಬಂತು..."

ಒಂದೇ ಸಾಲಿಗೆ ಒಳಗಿನಿಂದ ಹೆಣ್ಣುಮಗಳೊಬ್ಬಳು, "ಬಂದೆ, ಬಂದೆ," ಅಂದಳು. ಗುಂಪಿನವರು ಒಬ್ಬರನ್ನೊಬ್ಬರು ನೋಡಿದರು. ಕ್ಯಾಸೆಟ್ ಬಂದು ಇನ್ನೂ ವಾರವಾಗಿಲ್ಲ, ಆಗಲೇ ಇಲ್ಲಿವರೆಗೆ ಹೆಸರಾಗಿದೆ. ದೇವದಾನಪ್ಪನ ಎದೆ ಹತ್ತಿ ಚೀಲದಂತೆ ಉಬ್ಬಿತು.

ಬಾಗಿಲು ತುಸುವೇ ತೆರೆಯಿತು. ಸಂದಿಯಿಂದ ಒಂದು ಬೆರಳು ಹೊರಗೆ ಬಂತು.

"ಏನ್ ಯವ್ವಾ ಇದು?" ಅಂದ ದೇವದಾನಪ್ಪ.

"ಮಳಿಗಾಲ ಪೂರಾ ಮಲೇರಿಯಾ ಜೀಪಿನವರು ಇದ ಹಾಡು ಹಚ್ಚಿಕೊಂಡು ಬರ್ತಿದ್ರಲ್ರಿ," ಅಂದಿತು ಒಳಗಿನ ದನಿ. "ಲಗೂ ಚುಚ್ಚಿ ಹೋಗಪಾ, ಹೆಂಚಿನ ಮ್ಯಾಲ ರೊಟ್ಟಿ ಅದ."