ಸೊಂಟ ಹಿಡಿದ ಭಾನುವಾರ

ನಿಜವಾಗಿ ಬೈಂಡರನ ಸೊಂಟಕ್ಕೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಅವನ ಮನೆಯ ಹೆಂಚಿಗೆ. ಅಮ್ಮ ಮಲಗುವ ಕೋಣೆಯ ಮೇಲೆ ಎಂಟು ಹೆಂಚು ಒಡೆದಿದ್ದವು. ಮಳೆ ಬಂದಾಗಲೆಲ್ಲ ಆಕೆ ಹಾಸಿಗೆಯಲ್ಲೇ ಕೊಡೆ ಬಿಡಿಸಿಕೊಂಡು ಮಲಗುತ್ತಿದ್ದಳು. ಶನಿವಾರ ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟಳು: ನಾಳೆ ಸಂಜೆಯೊಳಗೆ ಸೂರು ಸರಿಯಾಗದಿದ್ದರೆ ಮಗಳ ಮನೆಗೆ ಹೋಗುತ್ತೇನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಗಲೆಲ್ಲ ಪುಸ್ತಕಗಳಿಗೆ ರಟ್ಟು ಕಟ್ಟಿ ಮನೆಗೆ ಬಂದರೆ ಮಾತಾಡಲು ಅವನಿಗಿದ್ದವಳು ಅಮ್ಮ ಒಬ್ಬಳೇ. ಹೆಂಚಿನ ಕೆಲಸದವರು ತಿಂಗಳಿಂದ ನಾಳೆ ಬರುತ್ತೇವೆ ಎನ್ನುತ್ತಿದ್ದರು. ಬೈಂಡರ ತಾನೇ ಸೂರು ಹತ್ತುವುದೆಂದು ತೀರ್ಮಾನಿಸಿದ.

ಆದರೆ ಅದು ಬೀದಿಯ ಸೇವೆಯ ಭಾನುವಾರ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಯಾರಾದರೊಬ್ಬರ ಮನೆಯ ಕೆಲಸ ಮಾಡಿಕೊಡುವುದು ಅಲ್ಲಿನ ಪದ್ಧತಿ. ಕೇಳಿಕೊಳ್ಳುವ ಸಂಕೋಚ ಯಾರಿಗೂ ಬೇಡವೆಂದು, ಮನೆಯನ್ನು ನಿವೃತ್ತ ಹೆಡ್‌ಮಾಸ್ತರರೇ ಆರಿಸಿ, ಆ ದಿನ ಬೆಳಿಗ್ಗೆ ಎಂಟಕ್ಕಷ್ಟೇ ಬಾಯಿ ಬಿಡುತ್ತಿದ್ದರು. ತಪ್ಪಿಸಿಕೊಂಡವರನ್ನು ಬೀದಿ ವರ್ಷವಿಡೀ ಆಡಿಕೊಳ್ಳುತ್ತಿತ್ತು. ಹಾಗಾಗಿ ಏಳೂವರೆಗೇ ಬೈಂಡರ ಪಕ್ಕದ ಮನೆಯ ನರ್ಸಮ್ಮನ ಕೈಲಿ ಹೇಳಿ ಕಳಿಸಿದ: ಸೊಂಟ ಹಿಡಿದಿದೆ, ಕೂರಲಾಗದು, ನಿಲ್ಲಲಾಗದು.

ನರ್ಸಮ್ಮ ಸುದ್ದಿ ಮುಟ್ಟಿಸಿ ಸುಮ್ಮನಾಗುವವಳಲ್ಲ. ಅರ್ಧ ಗಂಟೆಯಲ್ಲಿ ಮರಳಿ ಬಂದು, ಅವನನ್ನು ಹಲಗೆಯ ಮೇಲೆ ಬೋರಲು ಕೆಡವಿ, ಬಿಸಿ ಮರಳಿನ ಗಂಟನ್ನು ಸೊಂಟದ ಮೇಲೆ ಹೇರಿದಳು. ಅವಳ ಹಿಂದೆಯೇ ಅದೇ ಬೀದಿಯ ದರ್ಜಿ ಬಂದು, ತನ್ನ ಮಾವ ಸೊಂಟನೋವಿನಲ್ಲೇ ತೀರಿಕೊಂಡ ಕತೆಯನ್ನು ಸಾವಕಾಶವಾಗಿ ಹೇಳಿದ. ಅಷ್ಟರಲ್ಲಿ ಹನ್ನೊಂದಾಯಿತು.

ಇಬ್ಬರೂ ಹೊರಟ ಮೇಲೆ ಬೈಂಡರ ಹಿತ್ತಿಲಿಗೆ ಓಡಿ ಏಣಿ ಹತ್ತಿದ. ಮೊದಲ ಹೆಂಚಿಗೆ ಕೈ ಹಾಕಿದ್ದನಷ್ಟೆ, ಗಂಜಿಯ ಪಾತ್ರೆ ಹಿಡಿದು ನರ್ಸಮ್ಮ ಪ್ರತ್ಯಕ್ಷಳಾದಳು. ಗಾಬರಿಯಲ್ಲಿ ಕಾಲು ಜಾರಿ ಅವನು ಏಣಿಯ ಮೆಟ್ಟಿಲಿಗೆ ಜೋತುಬಿದ್ದ.

"ಏನಪ್ಪಾ ಇದು?"

"ಸೊಂಟ... ಸೊಂಟ ಎಳೀಲಿ ಅಂತ ನೇತಾಡ್ತಾ ಇದೀನಿ."

"ಒಳ್ಳೇದು. ನಮ್ಮ ಆಸ್ಪತ್ರೇಲೂ ಹೀಗೇ ಮಾಡಿಸ್ತಿದ್ವಿ. ಹತ್ತು ನಿಮಿಷ ಇರು, ನಾನು ನೋಡ್ಕೋತೀನಿ."

ಗಡಿಯಾರ ನೋಡುತ್ತ ಅವಳು ನಿಂತೇ ಇದ್ದಳು. ಎಂಟನೇ ನಿಮಿಷಕ್ಕೆ ಕೈ ಸೋತು ಬೈಂಡರ ದೊಪ್ಪನೆ ಬಿದ್ದ. ಏಣಿ ವಾಲಿ ಇನ್ನೂ ನಾಲ್ಕು ಹೆಂಚು ಪುಡಿಯಾದವು. ಈಗ ಸೊಂಟ ನಿಜವಾಗಿಯೂ ಹಿಡಿದಿತ್ತು. ಅವನು ನೋವಿನಿಂದ ಕೂಗಿಕೊಂಡರೆ, ನೋವು ಬೆಳಿಗ್ಗೆ ಇದ್ದಷ್ಟೇ ಇದೆ ಬಿಡು ಎಂದು ನರ್ಸಮ್ಮ ಸಮಾಧಾನ ಹೇಳಿ ಮತ್ತೆ ಹಲಗೆಗೆ ಎಳೆದೊಯ್ದಳು.

ಸಂಜೆ ಹೆಡ್‌ಮಾಸ್ತರರು ದರ್ಜಿಯೂ ಸೇರಿ ನಾಲ್ಕು ಜನರೊಂದಿಗೆ ಬಂದರು. ಎಲ್ಲರ ಮೈಯೂ ಮಣ್ಣಾಗಿತ್ತು. ಕ್ಷೇಮ ವಿಚಾರಿಸಿ, ಹಲಗೆಯ ಪಕ್ಕ ಕೂತು ದನಿ ತಗ್ಗಿಸಿದರು.

"ನಿಮಗೆ ಹೇಳದೆ ಇರೋಕೆ ಮನಸ್ಸಾಗ್ತಿಲ್ಲ. ಇವತ್ತು ಆರಿಸಿದ್ದು ನಿಮ್ಮ ಮನೇನೇ. ಹೆಂಚೆಲ್ಲ ಬದಲಾಯಿಸೋಣ ಅಂತ ಹದಿನಾರು ಜನ ತಯಾರಾಗಿದ್ವಿ."

ಬೈಂಡರ ಮೊಣಕೈ ಊರಿ ತಲೆಯೆತ್ತಿದ.

"ಅಷ್ಟೊತ್ತಿಗೆ ನಿಮ್ಮ ಸೊಂಟದ ಸುದ್ದಿ ಬಂತು. ಮಲಗಿರೋ ರೋಗಿ ತಲೆ ಮೇಲೆ ಹತ್ತಿ ಕುಟ್ಟೋದು ಮನುಷ್ಯತ್ವ ಅಲ್ಲ ಅಂತ ಎದುರು ಮನೆಯವರ ದನದ ಕೊಟ್ಟಿಗೆ ರಿಪೇರಿ ಮಾಡಿದ್ವಿ. ಈಗ ಒಂದು ಹನಿ ಸೋರಲ್ಲ."

ಬೈಂಡರ ಮುಂದಿನ ತಿಂಗಳಾದರೂ ಎಂದು ತೊದಲಿದ. ತಪ್ಪಿಹೋದ ಮನೆ ಪಟ್ಟಿಯ ಕೊನೆಗೆ ಹೋಗುತ್ತದೆಂದೂ, ಪಟ್ಟಿಯಲ್ಲಿ ಇಪ್ಪತ್ತಮೂರು ಮನೆಗಳಿವೆಯೆಂದೂ ಅವರು ಕನಿಕರದಿಂದ ತಿಳಿಸಿದರು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ ಒಳಗೆ ಹೋಗಿ ಟ್ರಂಕು ಎಳೆದು ತಂದಳು. ಬೈಂಡರ ದಡಬಡಿಸಿ ಏಳಹೋದ. ದರ್ಜಿಯೂ ನರ್ಸಮ್ಮನೂ ಅವನ ಹೆಗಲು ಅದುಮಿ ಮಲಗಿಸಿದರು.

"ನೀವು ಅಲುಗಾಡಬೇಡಿ," ಎಂದರು ಹೆಡ್‌ಮಾಸ್ತರರು, ಟ್ರಂಕಿನ ಒಂದು ತುದಿಗೆ ತಾವೇ ಕೈ ಹಾಕುತ್ತ. "ಅಮ್ಮನನ್ನು ಬಸ್ಸು ಹತ್ತಿಸೋಕೆ ನಾವೆಲ್ಲ ಇದೀವಲ್ಲ."