ಅರ್ಧ ಎಲ್ಲಿ ಹೋಯ್ತು?

ಕಂಪ್ಯೂಟರಿನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಸೋದರಮಾವ!

ಅವರು ಹಿಂದೂಪುರದಲ್ಲಿ ಲೆಕ್ಕದ ಮೇಷ್ಟ್ರು. ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮೇಷ್ಟ್ರುಗಳಿಗೆ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಬೆಂಗಳೂರಿಗೆ ಕರೆಸಿದ್ದರು. ಮಾವ ಅಲ್ಲಿಂದ ನೇರವಾಗಿ ಕಲ್ಯಾಣದುರ್ಗದ ನಮ್ಮ ಮನೆಗೆ ಬಂದರು. ಮುಖ ಕೆಂಡ!

"ಅಕ್ಕಾ, ಹುಡುಗ್ರ ಮಾರ್ಕ್ಸಿನ ಸರಾಸರಿ ನಲವತ್ತೊಂದೂ ಮುಕ್ಕಾಲು ಬರ್ಬೇಕು. ಆ ಮಿಷನ್ನು ನಲವತ್ತೊಂದು ಅಂತ ಅಚ್ಚು ಹಾಕ್ಬುಡ್ತು! ನಾನು ಆ ಸರಾಸರಿಗೆ 'ಮಾರ್ಕ್ಸ್' ಅಂತ ಹೆಸರಿಟ್ಟಿದ್ನಂತೆ, 'ಎಂ' ಅಕ್ಷರದಿಂದ ಶುರುವಾಗೋ ಹೆಸರಲ್ಲಿ ಪೂರ್ಣಸಂಖ್ಯೆ ಮಾತ್ರ ಹಿಡೀತದಂತೆ. ಒಂದು ಮಾತೂ ಹೇಳ್ದೆ ಮುಕ್ಕಾಲು ನುಂಗ್ಬುಡ್ತು!"

"ಹೆಸ್ರು ಬದಲಾಯ್ಸು, ಆಯ್ತಲ್ಲ," ಅಂದಳು ಅಮ್ಮ, ಮುದ್ದೆ ತಿರುವುತ್ತ.

"ನಾನ್ಯಾಕೆ ಬದಲಾಯ್ಸ್ಲಿ? ತಪ್ಪು ಅದ್ರದ್ದು!" ಎಂದು ಮಾವ ಮುದ್ದೆ ಮುಟ್ಟದೆ ಎದ್ದುಹೋದರು.

ಆ ವಾರವೇ ನನ್ನನ್ನು ತಮ್ಮ ಸ್ಕೂಲಿಗೆ ಸೇರಿಸಲು ಹೊರಡಿಸಿದರು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ವಯಸ್ಸು ಕೇಳಿದ.

"ಹನ್ನೊಂದೂ ಮುಕ್ಕಾಲು," ಅಂದರು ಮಾವ.

"ಅಂಟೇ ಪನ್ನೆಂಡೇ ಕದಾ ಸಾರ್! ಫುಲ್ ಟಿಕೆಟ್!"

ಮಿಷನ್ನು ಇಳಿಸಿದರೆ ಇವನು ಏರಿಸಿ ಹನ್ನೆರಡು ಮಾಡಿಬಿಟ್ಟ! ಮಾವ ನನ್ನ ಕೈ ಹಿಡಿದು ಇಳಿದೇಬಿಟ್ಟರು. ಎರಡು ಗಂಟೆ ಬಿಸಿಲಲ್ಲಿ ಕಾದು ಹತ್ತಿದ ಮುಂದಿನ ಬಸ್ಸಿನವನು, ಪುಣ್ಯಾತ್ಮ, ಏನೂ ಕೇಳದೆ ಅರ್ಧ ಟಿಕೆಟ್ ಕೊಟ್ಟ. ಮುಗಿಯಿತು ಎಂದುಕೊಂಡಿರಾ? "ವಯಸ್ಸೇ ಕೇಳ್ದೆ ಅದೆಂಗೆ ಅರ್ಧ ಮಾಡ್ಬುಟ್ಟೆ ಕಣಯ್ಯಾ?" ಎಂದು ಹಿಂದೂಪುರದ ಹತ್ತಿರದ ಸೋಮಂದೇಪಲ್ಲಿಯವರೆಗೂ ಅವನನ್ನು ಬಿಡಲಿಲ್ಲ!

ಮುಂದಿನ ಏಪ್ರಿಲ್‌ನಲ್ಲಿ ನಾನು ಲೆಕ್ಕದಲ್ಲಿ ಫೇಲಾದೆ. ಪಾಸಿಗೆ ಮೂವತ್ತೈದು, ನನಗೆ ಮೂವತ್ತನಾಲ್ಕೂವರೆ. ಕೊಟ್ಟವರು ಯಾರು? ಸ್ವಂತ ಸೋದರಮಾವ! ಫೇಲಾದರೆ ಓದು ಸಾಕು ಎಂದು ಅಪ್ಪ ಮೊದಲೇ ಹೇಳಿದ್ದರು. ಸುದ್ದಿ ಕೇಳಿ ಅಮ್ಮ ಕಲ್ಯಾಣದುರ್ಗದಿಂದ ಓಡಿಬಂದಳು: "ಒಂದರ್ಧ ಹಾಕೋ, ನಿನ್ ಗಂಟೇನು ಹೋಯ್ತದೆ?"

"ಇಲ್ಲದ್ದನ್ನ ಕೊಡಾಕಾಗಲ್ಲ ಕಣಕ್ಕಾ."

ಮರುದಿನ ರಿಜಿಸ್ಟರಿನಲ್ಲಿ ಬರೀ ಮೂವತ್ತನಾಲ್ಕು ಎಂದು ಬರೆದದ್ದು ಕಂಡು ಅದೇ ಮಾವ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದರು. "ಅರ್ಧ ಎಲ್ಲಿ ಹೋಯ್ತು ಸಾರ್?"

"ಹೆಂಗೆ ಬರೆದ್ರೂ ಫೇಲೇ ಅಲ್ವೇನ್ರೀ!"

"ಆದ್ರೂ ಅದು ಆ ಮಗು ಮಾಡಿದ್ದು. ಬರೀರಿ!"

ಮಾವ ಜಾಗ ಬಿಟ್ಟು ಕದಲಲಿಲ್ಲ; ಹೆಡ್‌ಮಾಸ್ಟರ್ ಊಟಕ್ಕೂ ಏಳಲಾಗದೆ ಕೊನೆಗೆ ಬರೆದರು. ಬಾಗಿಲಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿ. ಆ ಅರ್ಧ ಯಾರಿಗೆ ಬೇಕಾಗಿತ್ತು?

ಸಂಜೆ ಮಾವ ನನ್ನ ಉತ್ತರಪತ್ರಿಕೆ ಹಿಡಿದು ಪಕ್ಕದಲ್ಲಿ ಕೂತರು. ತಪ್ಪಾಗಿ ಮುಗಿದಿದ್ದ ಒಂದು ಲೆಕ್ಕದ ಎರಡನೇ ಸಾಲಿನ ಮೇಲೆ ಬೆರಳಿಟ್ಟರು.

"ಅರ್ಧ ಕೊಟ್ಟಿದ್ದು ಇದಕ್ಕೆ ಕಣಮ್ಮ. ಕ್ಲಾಸಲ್ಲಿ ಈ ದಾರಿ ಇನ್ಯಾರಿಗೂ ಹೊಳೀಲಿಲ್ಲ. ನನಗೂ ಹೊಳೆದಿರ್ಲಿಲ್ಲ. ನೀನು ಓದು ಬಿಡ್ಬೇಡ. ನಿಮ್ಮಪ್ಪನ್ನ ನಾನು ಒಪ್ಪಿಸ್ತೀನಿ."

ಮರುದಿನ ಮೊದಲ ಬಸ್ಸಿಗೇ ಕಲ್ಯಾಣದುರ್ಗಕ್ಕೆ ಹೊರಟರು. ಜೂನಿನಲ್ಲಿ ನಾನು ಅದೇ ತರಗತಿಯಲ್ಲಿ, ತಲೆ ಎತ್ತಿಕೊಂಡೇ, ಮತ್ತೆ ಕೂತೆ.